ಮೊದಲ 14 ಬೈಟ್: ಕಚ್ಚಾ ಪ್ಯಾಕೆಟ್ ಹಿಡಿದು ಮ್ಯಾಕ್ ವಿಳಾಸ ಓದುವುದು

ನೆಟ್‌ವರ್ಕಿನಲ್ಲಿ ತುಂಡುತುಂಡಾಗಿ ಸಾಗುವ ಮಾಹಿತಿಯನ್ನು, ಅಂದರೆ ಪ್ಯಾಕೆಟ್‌ಗಳನ್ನು, ಹಿಡಿಯುವ ಪ್ರೋಗ್ರಾಂ ಬರೆಯಲು ಹತ್ತು ಸಾಲು ಸಾಕು. ಹೊತ್ತು ಹೋಗುವುದೆಲ್ಲ ಹಿಡಿದದ್ದನ್ನು ಸರಿಯಾಗಿ ಓದುವುದರಲ್ಲಿ. ಪರದೆ ಮೇಲೆ ಒಂದು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ 6 ಬೈಟ್‌ನ ಗುರುತು) ಮೂಡಿದ ಕೂಡಲೇ "ಓ, ಕಳಿಸಿದ ಯಂತ್ರ ಇದೇ" ಅಂದುಕೊಂಡುಬಿಡುತ್ತೇವೆ. ಬಹಳಷ್ಟು ಸಲ ಅದು ಆ ಯಂತ್ರದ್ದಾಗಿರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಕೋಡಿಗಿಂತ ಹೆಚ್ಚು ಜಾಗ ಓದುವ ಕೆಲಸಕ್ಕೇ ಹೋಗಿದೆ.

ಬೇಕಾದದ್ದು ಒಂದು ಲಿನಕ್ಸ್ ಯಂತ್ರ, ಪೈಥಾನ್ 3, ರೂಟ್ ಅನುಮತಿ. ಸಿ ಭಾಷೆಯಲ್ಲಿ ಬರೆಯುವವರಿಗೂ ಹೆಜ್ಜೆಗಳು ಇವೇ. ವ್ಯತ್ಯಾಸ ಇರುವಲ್ಲಿ ಹೇಳುತ್ತೇನೆ. ಪ್ರಯೋಗ ಮಾತ್ರ ನಿಮ್ಮದೇ ನೆಟ್‌ವರ್ಕಿನಲ್ಲಿ ನಡೆಯಲಿ, ಇಲ್ಲವೇ ಒಡೆಯರ ಒಪ್ಪಿಗೆ ಪಡೆದ ನೆಟ್‌ವರ್ಕಿನಲ್ಲಿ. ಬೇರೆಯವರ ಮಾತುಕತೆ ನಿಮ್ಮ ಕಾರ್ಡಿಗೆ ಬಂದು ಬೀಳುತ್ತದೆ ಎಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ.

ಮೊದಲು ನಿಮ್ಮದೇ ವಿಳಾಸ

ಹಿಡಿಯುವ ಮುಂಚೆ ಸ್ವಂತ ಕಾರ್ಡಿನ ವಿಳಾಸ ಗೊತ್ತಿರಲಿ. ಇಲ್ಲದಿದ್ದರೆ ಆಮೇಲೆ ಯಾವುದು ಒಳಗೆ ಬಂದದ್ದು, ಯಾವುದು ಹೊರಗೆ ಹೋದದ್ದು ಎಂದು ತಡಕಾಡಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಅತಿ ಸುಲಭದ ದಾರಿ ಫೈಲ್ ಓದುವುದು: /ಸಿಸ್/ಕ್ಲಾಸ್/ನೆಟ್ ಡೈರೆಕ್ಟರಿಯೊಳಗೆ ಪ್ರತಿ ಇಂಟರ್‌ಫೇಸ್‌ಗೂ ಒಂದು ಡೈರೆಕ್ಟರಿ ಇರುತ್ತದೆ, ಅದರೊಳಗಿನ 'ಅಡ್ರೆಸ್' ಎಂಬ ಫೈಲಿನಲ್ಲಿ ಮ್ಯಾಕ್ ವಿಳಾಸ ಓದುವ ರೂಪದಲ್ಲೇ ಬರೆದಿರುತ್ತದೆ. ಇದಕ್ಕೆ ರೂಟ್ ಕೂಡ ಬೇಡ.

ಸಿ ಬರೆಯುವವರು ಸಾಮಾನ್ಯವಾಗಿ, ಸಾಧನದ ವಿವರವನ್ನು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಕೇಳುವ ಐಒಸಿಟಿಎಲ್ ಕರೆಯ ಮೊರೆ ಹೋಗುತ್ತಾರೆ. ಆ ಕೋರಿಕೆಯ ಹೆಸರು ಎಸ್‌ಐಒಸಿಜಿಐಎಫ್‌ಎಚ್‌ಡಬ್ಲ್ಯೂಎಡಿಡಿಆರ್, ಒಂದೇ ಉಸಿರಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಸಂಖ್ಯೆಯಲ್ಲಿ ಹೇಳುವುದಾದರೆ ಹೆಕ್ಸ್ (ಹದಿನಾರರ ಆಧಾರದ ಎಣಿಕೆ) 8927. ಉತ್ತರವಾಗಿ ಬರುವ ಸ್ಟ್ರಕ್ಚರ್‌ನಲ್ಲಿ ಮೊದಲ 16 ಬೈಟ್ ಇಂಟರ್‌ಫೇಸ್ ಹೆಸರಿಗೆ, ಮುಂದಿನ 2 ಬೈಟ್ ಹಾರ್ಡ್‌ವೇರ್ ಬಗೆಗೆ, ಅದಾದ ಮೇಲಿನ 6 ಬೈಟ್ ವಿಳಾಸ. ಆ ನಡುವಿನ 2 ಬೈಟನ್ನು ನೋಡದೆ ಮುಂದೆ ಹೋಗಬೇಡಿ. ಅಲ್ಲಿ 1 ಇದ್ದರೆ ಈಥರ್‌ನೆಟ್. 772 ಇದ್ದರೆ ಲೂಪ್‌ಬ್ಯಾಕ್ (ಯಂತ್ರ ತನ್ನೊಂದಿಗೇ ಮಾತಾಡುವ ಇಂಟರ್‌ಫೇಸ್), ಅದರ ವಿಳಾಸ ಬರೀ ಸೊನ್ನೆ.

ಪೈಥಾನ್‌ನಲ್ಲಿ ಒಂದು ಸಾಲಿನ ಅಡ್ಡದಾರಿಯೂ ಇದೆ: ಯುಯುಐಡಿ ಮಾಡ್ಯೂಲಿನ ಗೆಟ್‌ನೋಡ್. ಇದನ್ನು ನಂಬಬೇಡಿ. ವಿಳಾಸ ಸಿಗದೇ ಹೋದರೆ ಅದು ತಪ್ಪೆಂದು ಹೇಳುವುದಿಲ್ಲ. 48 ಬಿಟ್‌ನ ಯಾವುದೋ ಒಂದು ಸಂಖ್ಯೆಯನ್ನು ತಾನೇ ಹುಟ್ಟಿಸಿ ಕೈಗಿಡುತ್ತದೆ. ಎರಡು ಮೂರು ಕಾರ್ಡ್ ಇದ್ದರೆ ಯಾವುದರ ವಿಳಾಸ ಕೊಟ್ಟಿತು ಎಂಬುದೂ ನಿಮ್ಮ ಕೈಯಲ್ಲಿಲ್ಲ.

ಅನುಮತಿ

ಕಚ್ಚಾ ಸಾಕೆಟ್ (ಪ್ಯಾಕೆಟ್‌ಗಳನ್ನು ಬಂದ ರೂಪದಲ್ಲೇ ಪಡೆಯುವ ಕಿಂಡಿ) ತೆರೆಯಲು 'ಕ್ಯಾಪ್_ನೆಟ್_ರಾ' ಎಂಬ ಅಧಿಕಾರ ಬೇಕು. ಸುಡೊ ಹಾಕಿ ಓಡಿಸಿದರೆ ಅದು ತಾನಾಗಿಯೇ ಇರುತ್ತದೆ. ಸಿ ಪ್ರೋಗ್ರಾಂ ಆದರೆ ಸೆಟ್‌ಕ್ಯಾಪ್ ಆಜ್ಞೆಯಿಂದ ಆ ಒಂದು ಬೈನರಿಗಷ್ಟೇ ಈ ಅಧಿಕಾರ ಕೊಟ್ಟು, ರೂಟ್ ಇಲ್ಲದೆ ಓಡಿಸುವುದು ಒಳ್ಳೆಯದು. ಪೈಥಾನ್ ಸ್ಕ್ರಿಪ್ಟಿಗೆ ಈ ತಂತ್ರ ನಡೆಯದು, ಏಕೆಂದರೆ ಓಡುವುದು ಸ್ಕ್ರಿಪ್ಟ್ ಅಲ್ಲ, ಪೈಥಾನ್ ಇಂಟರ್‌ಪ್ರಿಟರ್. ಹಾಗಂತ ಇಂಟರ್‌ಪ್ರಿಟರ್‌ಗೇ ಅಧಿಕಾರ ಕೊಟ್ಟರೆ ಆ ಯಂತ್ರದಲ್ಲಿ ಪೈಥಾನ್ ಓಡಿಸಬಲ್ಲ ಎಲ್ಲರಿಗೂ ನೆಟ್‌ವರ್ಕ್ ಕದ್ದಾಲಿಸುವ ಕೀಲಿಕೈ ಕೊಟ್ಟಂತೆ. ಪ್ರಯೋಗಕ್ಕೆ ಸುಡೊ ಸಾಕು.

ಸಾಕೆಟ್ ತೆರೆಯುವುದು

ಇಡೀ ಪ್ರೋಗ್ರಾಮಿನ ಬೆನ್ನುಮೂಳೆ ಇಷ್ಟೇ. ಲೈಬ್ರರಿಯ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಅವುಗಳ ಮೂಲ ರೂಪ ಬಳಸಿ. ಗುರಿ, ಮೂಲ, ಬಗೆ ಎಂಬ ಚರಗಳನ್ನು ಬೇಕಿದ್ದರೆ ಹೀಗೇ ಇಟ್ಟುಕೊಳ್ಳಬಹುದು; ಪೈಥಾನ್ 3 ಕನ್ನಡ ಹೆಸರುಗಳನ್ನು ತಕರಾರಿಲ್ಲದೆ ಒಪ್ಪುತ್ತದೆ.

ಸಾ = ಸಾಕೆಟ್(ಎಎಫ್_ಪ್ಯಾಕೆಟ್, ಸಾಕ್_ರಾ, 0)
ಸಾ.ಬೈಂಡ್((ಇಂಟರ್‌ಫೇಸ್ ಹೆಸರು, 3))
ನಿಲ್ಲಿಸುವವರೆಗೆ:
    ಫ್ರೇಮ್, ವಿವರ = ಸಾ.ರಿಸೀವ್‌ಫ್ರಂ(65535)
    ಗುರಿ = ಫ್ರೇಮ್[0:6]
    ಮೂಲ = ಫ್ರೇಮ್[6:12]
    ಬಗೆ = ಫ್ರೇಮ್[12] * 256 + ಫ್ರೇಮ್[13]
    ಮುದ್ರಿಸು(ಮೂಲ.ಹೆಕ್ಸ್(":"), ಗುರಿ.ಹೆಕ್ಸ್(":"), ಬಗೆ)

'ಎಎಫ್_ಪ್ಯಾಕೆಟ್' ಎಂದರೆ ಐಪಿ ಪದರಕ್ಕೂ ಕೆಳಗೆ, ಕಾರ್ಡಿನ ಬಾಗಿಲಲ್ಲೇ ನಿಲ್ಲುತ್ತೇನೆ ಎಂದು ಕರ್ನಲ್‌ಗೆ ಹೇಳುವುದು. 'ಸಾಕ್_ರಾ' ಎಂದರೆ ಈಥರ್‌ನೆಟ್ ಹೆಡರ್ (ಗುರಿ, ಮೂಲ, ಬಗೆ ಇರುವ ಮೊದಲ 14 ಬೈಟ್) ಸಮೇತ ಕೊಡು ಎಂದು. ಇದರ ಬದಲು 'ಸಾಕ್_ಡಿಗ್ರಾಂ' ಕೊಟ್ಟರೆ ಕರ್ನಲ್ ಹೆಡರನ್ನು ಕತ್ತರಿಸಿ ಒಳಗಿನದನ್ನಷ್ಟೇ ಕೊಡುತ್ತದೆ, ನಮಗೆ ಬೇಕಾದ 14 ಬೈಟೇ ಮಾಯ. ಹೆಕ್ಸ್ ವಿಧಾನಕ್ಕೆ ಕೋಲನ್ ಕೊಡುವ ಸವಲತ್ತು ಪೈಥಾನ್ 3.8ರಿಂದ ಇದೆ.

ಸಾಕೆಟ್ ತೆರೆಯುವಾಗ 0, ಬೈಂಡ್‌ನಲ್ಲಿ 3 ಏಕೆ? 3 ಎಂಬುದು 'ಇಟಿಎಚ್_ಪಿ_ಆಲ್', ಅಂದರೆ ಎಲ್ಲ ಬಗೆಯ ಪ್ರೋಟೊಕಾಲ್. ಅದನ್ನು ತೆರೆಯುವಾಗಲೇ ಕೊಟ್ಟರೆ, ಬೈಂಡ್ ಆಗುವ ಮುಂಚಿನ ಕ್ಷಣದಲ್ಲಿ ಬೇರೆಲ್ಲ ಇಂಟರ್‌ಫೇಸ್‌ಗಳ ಪ್ಯಾಕೆಟ್‌ಗಳೂ ಸರತಿಯಲ್ಲಿ ಬಂದು ಕೂತಿರುತ್ತವೆ. 0 ಕೊಟ್ಟು ತೆರೆದರೆ ಬೈಂಡ್ ಆಗುವವರೆಗೆ ಏನೂ ಬರುವುದಿಲ್ಲ.

ಇಲ್ಲೊಂದು ಹೊಂಡವಿದೆ, ನಾನು ಬಿದ್ದದ್ದೂ ಇದರಲ್ಲೇ. ಸಾಕೆಟ್ ಕರೆಯ ಮೂರನೇ ಜಾಗದಲ್ಲಿ ಪ್ರೋಟೊಕಾಲ್ ಸಂಖ್ಯೆ ಕೊಡುವುದಾದರೆ ಅದು ನೆಟ್‌ವರ್ಕ್ ಬೈಟ್ ಕ್ರಮದಲ್ಲಿರಬೇಕು. ನಮ್ಮ ಬಹುತೇಕ ಯಂತ್ರಗಳು ಚಿಕ್ಕ ಬೈಟನ್ನು ಮೊದಲು ಇಡುವಂಥವು. ನೆಟ್‌ವರ್ಕ್ ಕ್ರಮದಲ್ಲಿ ದೊಡ್ಡದು ಮೊದಲು. ಒಂದು ಸಂಜೆ ನಾನು ಬರೀ 3 ಎಂದು ಕೊಟ್ಟು ಕೂತಿದ್ದೆ. ದೋಷ ಸಂದೇಶ ಇಲ್ಲ, ಪ್ಯಾಕೆಟ್ಟೂ ಇಲ್ಲ. ಕೇಬಲ್ ತೆಗೆದು ಹಾಕಿದೆ, ಫೈರ್‌ವಾಲ್ ಆರಿಸಿದೆ, ಇಂಟರ್‌ಫೇಸ್ ಹೆಸರನ್ನು ನಾಲ್ಕು ಸಲ ನೋಡಿದೆ. ಕರ್ನಲ್ ನನ್ನ 3ನ್ನು ಹೆಕ್ಸ್ 0300 ಎಂದು, ಅಂದರೆ 768 ಎಂದು ಓದಿಕೊಂಡು, ಎಂದೂ ಬಾರದ ಬಗೆಯ ಪ್ಯಾಕೆಟ್‌ಗಾಗಿ ಬಹಳ ವಿಧೇಯವಾಗಿ ಕಾಯುತ್ತಿತ್ತು. 'ಎಚ್‌ಟಿಒಎನ್‌ಎಸ್' ಫಂಕ್ಷನ್‌ನಲ್ಲಿ ಸುತ್ತಿದ ಮೇಲೆ ಧಾರಾಕಾರ. ತಲೆ ಕೆಡಿಸುವ ಸಂಗತಿ ಎಂದರೆ ಪೈಥಾನ್‌ನ ಬೈಂಡ್‌ನಲ್ಲಿ ಈ ತಿರುವುಮುರುವನ್ನು ಪೈಥಾನ್ ತಾನೇ ಮಾಡುತ್ತದೆ, ಅಲ್ಲಿ ನೀವು ಸುತ್ತಿದರೆ ಅದೇ ತಪ್ಪು. ಸಿ ಭಾಷೆಯಲ್ಲಾದರೆ ಎರಡೂ ಕಡೆ ನೀವೇ ಸುತ್ತಬೇಕು.

ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಹೋಗಿ ಇದನ್ನು ಓಡಿಸುವವರಿಗೆ ಒಂದು ಮಾತು. ಪ್ರತಿ ಪ್ಯಾಕೆಟ್‌ಗೂ ಪ್ರೋಗ್ರಾಂ ಒಂದು ಸಾಲು ಮುದ್ರಿಸುತ್ತದೆ. ಆ ಸಾಲು ನಿಮ್ಮ ಪರದೆಗೆ ಬರಲು ಒಂದು ಪ್ಯಾಕೆಟ್ ಆಗುತ್ತದೆ. ಅದನ್ನೂ ಪ್ರೋಗ್ರಾಂ ಹಿಡಿದು ಮತ್ತೊಂದು ಸಾಲು ಮುದ್ರಿಸುತ್ತದೆ. ಮೊದಲ ಸಲ ನೋಡಿದಾಗ ನೆಟ್‌ವರ್ಕ್ ಮೇಲೆ ದಾಳಿಯೇ ಆಯಿತೆನ್ನುವಂತಿರುತ್ತದೆ. ಎಸ್‌ಎಸ್‌ಎಚ್‌ನ ಪೋರ್ಟ್ 22 ಅನ್ನು ಬಿಟ್ಟು ಮುದ್ರಿಸಿ, ಇಲ್ಲವೇ ಫೈಲಿಗೆ ಬರೆಯಿರಿ.

ಬೈಟ್‌ಗಳನ್ನು ಓದುವುದು

ಕ್ಯೂಎಂಯು ವರ್ಚುವಲ್ ಯಂತ್ರಕ್ಕೆ ಬಂದ ಒಂದು ಫ್ರೇಮಿನ (ಈಥರ್‌ನೆಟ್ ಹೆಡರ್ ಸಮೇತದ ಪ್ಯಾಕೆಟ್‌ನ) ಆರಂಭ ಹೀಗಿರುತ್ತದೆ ಎಂದುಕೊಳ್ಳಿ:

52 54 00 12 34 56 52 54 00 65 43 21 08 06 00 01 08 00 06 04 00 02

ಮೊದಲ ಆರು ಗುರಿಯ ವಿಳಾಸ, ಮುಂದಿನ ಆರು ಮೂಲದ ವಿಳಾಸ. ಮಾತಿನಲ್ಲಿ ನಾವು "ಇಂಥವರಿಂದ ಇಂಥವರಿಗೆ" ಎನ್ನುತ್ತೇವೆ, ಈಥರ್‌ನೆಟ್‌ನಲ್ಲಿ "ಯಾರಿಗೆ" ಎಂಬುದು ಮೊದಲು. ಈ ಕ್ರಮ ಮರೆತು ಎರಡನ್ನೂ ಅದಲುಬದಲು ಮಾಡಿದ ಪ್ರೋಗ್ರಾಂಗಳು ದಿನಗಟ್ಟಲೆ ಸರಿಯಾಗಿಯೇ ಇರುವಂತೆ ಕಾಣುತ್ತವೆ, ಏಕೆಂದರೆ ಎರಡೂ ನಿಜವಾದ ವಿಳಾಸಗಳೇ.

ಆಮೇಲಿನ 08 06 ಒಳಗಿರುವುದು ಎಆರ್‌ಪಿ, ಅಂದರೆ ಐಪಿ ವಿಳಾಸಕ್ಕೆ ತಕ್ಕ ಮ್ಯಾಕ್ ವಿಳಾಸ ಹುಡುಕುವ ಪ್ರೋಟೊಕಾಲ್, ಎಂದು ಹೇಳುತ್ತದೆ. 08 00 ಆಗಿದ್ದರೆ ಐಪಿ ನಾಲ್ಕನೇ ಆವೃತ್ತಿ, 86 ಡಿಡಿ ಆಗಿದ್ದರೆ ಆರನೇ ಆವೃತ್ತಿ. ಈ ಸಂಖ್ಯೆ ಹೆಕ್ಸ್ 0600, ಅಂದರೆ 1536 ಅಥವಾ ಮೇಲಿದ್ದರೆ ಮಾತ್ರ ಬಗೆ. 1500 ಅಥವಾ ಕೆಳಗಿದ್ದರೆ ಅದು ಉದ್ದ. ಸ್ವಿಚ್‌ಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಸ್ಪ್ಯಾನಿಂಗ್ ಟ್ರೀ ಸಂದೇಶಗಳು ಹೀಗೆ ಉದ್ದ ಹೊತ್ತು ಬರುತ್ತವೆ, ಅವನ್ನು "ಗೊತ್ತಿಲ್ಲದ ಪ್ರೋಟೊಕಾಲ್" ಎಂದು ಮುದ್ರಿಸಿ ಗಾಬರಿಯಾಗುವುದು ಬೇಡ.

ಹದಿನಾಲ್ಕರ ನಂತರ ಎಆರ್‌ಪಿಯ ಸರದಿ. 00 01 ಹಾರ್ಡ್‌ವೇರ್ ಈಥರ್‌ನೆಟ್ ಎಂದು, 08 00 ಅದರ ಜೊತೆಗಿರುವುದು ಐಪಿ ವಿಳಾಸ ಎಂದು, 06 ಮತ್ತು 04 ಆ ಎರಡು ವಿಳಾಸಗಳ ಉದ್ದ. ಕೊನೆಯ 00 02 ಇದು ಉತ್ತರ ಎನ್ನುತ್ತದೆ. ಪ್ರಶ್ನೆಯಾಗಿದ್ದರೆ 00 01. ಇದಾದ ಮೇಲೆ, ಅಂದರೆ ಫ್ರೇಮಿನ 22ನೇ ಆಫ್‌ಸೆಟ್‌ನಿಂದ (0ಯಿಂದ ಎಣಿಸಿದ ಬೈಟ್ ಸ್ಥಾನ), ಕಳಿಸಿದವರ ಮ್ಯಾಕ್ ವಿಳಾಸ ಮತ್ತೊಮ್ಮೆ ಬರುತ್ತದೆ, 28ರಿಂದ ಅವರ ಐಪಿ. ಒಂದೇ ವಿಳಾಸವನ್ನು ಹೊರಗೊಮ್ಮೆ ಒಳಗೊಮ್ಮೆ ಬರೆದಿರುವುದು ವ್ಯರ್ಥವಲ್ಲ. ಎರಡನ್ನೂ ಹೋಲಿಸಿ ನೋಡಿ. ಬೇರೆ ಬೇರೆ ಇದ್ದರೆ ನಡುವೆ ಯಾರೋ ಪರವಾಗಿ ಮಾತಾಡುತ್ತಿದ್ದಾರೆ, ಅಥವಾ ವೇಷ ಹಾಕಿದ್ದಾರೆ ಎಂಬ ಸುಳಿವು. ಎರಡೂ ಒಂದೇ ಆಗಿದ್ದರೆ ಪ್ರಾಮಾಣಿಕರು ಎಂದೇನಲ್ಲ, ಎರಡು ಕಡೆಯೂ ಸುಳ್ಳು ಬರೆಯಬಹುದು.

ನಿಮ್ಮ ಯಂತ್ರದಿಂದ ಹೊರಟ ಎಆರ್‌ಪಿ 42 ಬೈಟ್ ಇರುತ್ತದೆ, ಹೊರಗಿನಿಂದ ಬಂದದ್ದು 60 ಬೈಟ್. ತಂತಿಯ ಮೇಲೆ ಈಥರ್‌ನೆಟ್ ಫ್ರೇಮ್ 64 ಬೈಟ್‌ಗಿಂತ ಚಿಕ್ಕದಿರಬಾರದು, ಅದರಲ್ಲಿ ಕೊನೆಯ 4 ತಪಾಸಣೆಯವು. ಅವನ್ನು ಸಾಮಾನ್ಯವಾಗಿ ಕಾರ್ಡೇ ಕಳಚಿಟ್ಟು ಉಳಿದದ್ದನ್ನು ಮೇಲೆ ಕಳಿಸುತ್ತದೆ. ಹೊರಡುವ ಫ್ರೇಮನ್ನು ನಾವು ಹಿಡಿಯುವ ಹೊತ್ತಿಗೆ ಅದಕ್ಕಿನ್ನೂ ಭರ್ತಿಯ ಸೊನ್ನೆಗಳು ಸೇರಿರುವುದಿಲ್ಲ.

ಸಿ ಭಾಷೆಯಲ್ಲಿ ಮುದ್ರಿಸುವವರು ಬೈಟ್‌ಗಳನ್ನು ಚಿಹ್ನೆ ಇಲ್ಲದ ಬಗೆಯಲ್ಲೇ, ಅಂದರೆ 'ಅನ್‌ಸೈನ್ಡ್ ಕ್ಯಾರ್' ಆಗಿಯೇ ಇಟ್ಟುಕೊಳ್ಳಿ. ಬರೀ 'ಕ್ಯಾರ್' ಬಳಸಿದರೆ ಬಹಳಷ್ಟು ಯಂತ್ರಗಳಲ್ಲಿ 127 ದಾಟಿದ ಬೈಟ್ ಋಣಸಂಖ್ಯೆಯಾಗಿ, ಹೆಕ್ಸ್‌ನಲ್ಲಿ ಮುದ್ರಿಸುವಾಗ ಮುಂದೆ ಆರು 'ಎಫ್' ಅಂಟಿಸಿಕೊಂಡು ಬರುತ್ತದೆ.

ಮೊದಲ ಬೈಟಿನ ಎರಡು ಬಿಟ್

ವಿಳಾಸದ ಮೊದಲ ಮೂರು ಬೈಟ್ ನೋಡಿ ತಯಾರಕರನ್ನು ಗುರುತಿಸಬಹುದು ಎಂಬುದು ಎಲ್ಲರಿಗೂ ಗೊತ್ತು. ಆ ಅಂಕಿಗಳನ್ನು ಹಂಚುವುದು ಐಇಇಇ ಎಂಬ ಸಂಸ್ಥೆ. ಆದರೆ ಪಟ್ಟಿ ತೆರೆಯುವ ಮುಂಚೆ ಮೊದಲ ಬೈಟಿನ ಕೊನೆಯ ಎರಡು ಬಿಟ್ ನೋಡಬೇಕು. ಅತಿ ಕೊನೆಯ ಬಿಟ್ 1 ಆದರೆ ಅದು ಒಂದು ಯಂತ್ರದ ವಿಳಾಸವಲ್ಲ, ಗುಂಪಿನದು. 01:00:5ಇ ಎಂದು ಶುರುವಾದರೆ ಐಪಿ ನಾಲ್ಕರ ಮಲ್ಟಿಕಾಸ್ಟ್, 33:33 ಎಂದಾದರೆ ಐಪಿ ಆರರದು, ಆರೂ ಬೈಟ್ ಎಫ್‌ಎಫ್ ಆದರೆ ಬ್ರಾಡ್‌ಕಾಸ್ಟ್. ಇವು ಗುರಿಯ ಜಾಗದಲ್ಲಿ ಬರಬೇಕು. ಮೂಲದ ಜಾಗದಲ್ಲಿ ಕಂಡರೆ ನಿಮ್ಮ ಆಫ್‌ಸೆಟ್ ತಪ್ಪಿದೆ ಎಂದೇ ಮೊದಲು ಅನುಮಾನಿಸಿ.

ಅದರ ಪಕ್ಕದ ಬಿಟ್ 1 ಆದರೆ ವಿಳಾಸವನ್ನು ತಯಾರಕರು ಕೊಟ್ಟದ್ದಲ್ಲ, ಸ್ಥಳೀಯವಾಗಿ ಯಾರೋ ಇಟ್ಟದ್ದು. ಬೈನರಿ ಲೆಕ್ಕ ಬೇಡವೆಂದರೆ ಎರಡನೇ ಹೆಕ್ಸ್ ಅಕ್ಷರ ನೋಡಿ: 2, 6, ಎ, ಇ ಇವುಗಳಲ್ಲಿ ಒಂದಾದರೆ ಹಾಗೆ. ಮೇಲಿನ ಉದಾಹರಣೆಯ 52ರಲ್ಲಿ ಎರಡನೆಯದು 2, ವರ್ಚುವಲ್ ಯಂತ್ರಕ್ಕೆ ತಕ್ಕದ್ದೇ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ವೈ-ಫೈಗೆ ಸೇರುವಾಗ ತಾವಾಗಿಯೇ ಇಂಥ ಯಾದೃಚ್ಛಿಕ ವಿಳಾಸ ಇಟ್ಟುಕೊಳ್ಳುತ್ತವೆ. ಮ್ಯಾಕ್ ವಿಳಾಸವನ್ನೇ ಗುರುತಿನ ಚೀಟಿ ಮಾಡಿಕೊಂಡು ಹಾಜರಿ ಹಾಕುವ ವ್ಯವಸ್ಥೆ ಕಟ್ಟಲು ಹೊರಟವರು ಈ ಬಿಟ್‌ ಮುಂದೆ ಒಮ್ಮೆ ನಿಂತು ಯೋಚಿಸುವುದು ಮೇಲು.

ಈ ವಿಳಾಸ ಯಾರದ್ದು?

ಈಗ ಒಂದು ಪ್ರಯೋಗ. ಪ್ರೋಗ್ರಾಂ ಓಡುತ್ತಿರಲಿ. 'ಬಗೆ' 08 00 ಇರುವ ಫ್ರೇಮುಗಳಲ್ಲಿ ಮೂಲದ ಮ್ಯಾಕ್ ಜೊತೆಗೆ ಮೂಲದ ಐಪಿಯನ್ನೂ ಮುದ್ರಿಸಿ. ಅದು 26ರಿಂದ 29ರವರೆಗಿನ ನಾಲ್ಕು ಬೈಟ್. ಬ್ರೌಸರ್‌ನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಜಾಲತಾಣ ತೆರೆಯಿರಿ. ಐಪಿ ವಿಳಾಸಗಳು ಬೇರೆ ಬೇರೆ ಬರುತ್ತವೆ. ಮ್ಯಾಕ್ ವಿಳಾಸ ಮಾತ್ರ ಮೂರಕ್ಕೂ ಒಂದೇ.

ಅದು ನಿಮ್ಮ ರೌಟರ್‌ನ ವಿಳಾಸ. ಈಥರ್‌ನೆಟ್ ಹೆಡರ್ ಒಂದು ಜಿಗಿತಕ್ಕಷ್ಟೇ ಬಾಳುತ್ತದೆ. ಪ್ರತಿ ರೌಟರ್ ಬಂದ ಹೆಡರನ್ನು ಕಿತ್ತೆಸೆದು, ತನ್ನ ವಿಳಾಸವನ್ನು ಮೂಲವಾಗಿಯೂ ಮುಂದಿನವರ ವಿಳಾಸವನ್ನು ಗುರಿಯಾಗಿಯೂ ಬರೆದು ಹೊಸದೊಂದನ್ನು ತೊಡಿಸುತ್ತದೆ. ದೂರದ ಸರ್ವರ್‌ನ ಮ್ಯಾಕ್ ವಿಳಾಸ ಅಲ್ಲಿಯ ಮೊದಲ ರೌಟರ್‌ ದಾಟಿ ಬರುವುದೇ ಇಲ್ಲ. "ನನ್ನ ಸರ್ವರ್‌ಗೆ ಬರುವ ಗ್ರಾಹಕರ ಮ್ಯಾಕ್ ವಿಳಾಸ ಹೇಗೆ ಪಡೆಯಲಿ" ಎಂದು ಕೇಳುವವರು ಬಹಳ. ಕೋಡ್ ಎಷ್ಟೇ ಚೆನ್ನಾಗಿದ್ದರೂ ಅದು ಸಿಗದು, ಅದು ಆ ಪ್ಯಾಕೆಟ್‌ನಲ್ಲಿ ಇಲ್ಲ.

ರಿಸೀವ್‌ಫ್ರಂ ಕೊಡುವ 'ವಿವರ'ವನ್ನೂ ಕಡೆಗಣಿಸಬೇಡಿ. ಅದರ ಮೂರನೇ ಅಂಶ 0 ಆದರೆ ನಮಗೇ ಬಂದದ್ದು, 1 ಬ್ರಾಡ್‌ಕಾಸ್ಟ್, 2 ಮಲ್ಟಿಕಾಸ್ಟ್, 3 ಬೇರೆ ಯಾರಿಗೋ ಹೋಗಬೇಕಾದದ್ದು, 4 ನಾವೇ ಕಳಿಸಿದ್ದು. ಲೂಪ್‌ಬ್ಯಾಕ್‌ನಲ್ಲಿ ಪ್ರತಿ ಪ್ಯಾಕೆಟ್ ಎರಡೆರಡು ಸಲ ಕಾಣುವುದು ಏಕೆಂದು ಗೊಂದಲವಾದರೆ ಇದೇ ಅಂಕಿ ನೋಡಿ: ಒಮ್ಮೆ 4 ಆಗಿ ಹೊರಡುತ್ತದೆ, ಒಮ್ಮೆ 0 ಆಗಿ ಒಳಬರುತ್ತದೆ.

ಪಕ್ಕದ ಯಂತ್ರದ್ದು ಕಾಣುತ್ತಿಲ್ಲ ಎಂದರೆ

ಕಾರ್ಡ್ ಸಾಮಾನ್ಯವಾಗಿ ತನ್ನ ಹೆಸರಿಗೆ ಬಾರದ ಫ್ರೇಮುಗಳನ್ನು ಬಿಸಾಡುತ್ತದೆ. ಅದನ್ನು ತಡೆಯುವುದು ಪ್ರಾಮಿಸ್ಕ್ಯುಯಸ್ ಮೋಡ್. ಆಜ್ಞೆ ಕೊಟ್ಟು ಇಡೀ ಇಂಟರ್‌ಫೇಸನ್ನೇ ಆ ಸ್ಥಿತಿಗೆ ತಳ್ಳುವ ಬದಲು ಸೆಟ್‌ಸಾಕ್‌ಆಪ್ಟ್ ಮೂಲಕ ನಿಮ್ಮ ಸಾಕೆಟ್‌ನಿಂದಲೇ ಕೇಳಿ: ಹಂತ 263, ಆಯ್ಕೆ 1, ಜೊತೆಗೆ 16 ಬೈಟ್‌ನ ಒಂದು ಪೊಟ್ಟಣ, ಅದರಲ್ಲಿ 4 ಬೈಟ್ ಇಂಟರ್‌ಫೇಸ್ ಸಂಖ್ಯೆ, 2 ಬೈಟ್‌ನಲ್ಲಿ 1 ಎಂಬ ಬಗೆ, ಉಳಿದದ್ದು ಸೊನ್ನೆ. ಲಾಭವೇನೆಂದರೆ ಪ್ರೋಗ್ರಾಂ ಸತ್ತರೂ ಸಾಕೆಟ್ ಮುಚ್ಚಿದ ಕೂಡಲೇ ಕರ್ನಲ್ ಅದನ್ನು ಹಿಂತೆಗೆದುಕೊಳ್ಳುತ್ತದೆ.

ಇಷ್ಟಾದರೂ ಪಕ್ಕದವರ ಮಾತು ಕೇಳದು. ಸ್ವಿಚ್ ಯಾವ ವಿಳಾಸ ಯಾವ ಪೋರ್ಟಿನಲ್ಲಿದೆ ಎಂದು ಕಲಿತುಕೊಂಡು ಅಲ್ಲಿಗಷ್ಟೇ ಕಳಿಸುತ್ತದೆ, ನಿಮ್ಮ ತಂತಿಗೆ ಬಾರದ್ದನ್ನು ಯಾವ ಮೋಡೂ ಹಿಡಿಯಲಾರದು. ಸ್ವಿಚ್‌ನಲ್ಲಿ ಪೋರ್ಟ್ ಮಿರರಿಂಗ್ (ಒಂದು ಪೋರ್ಟಿನ ಸಂಚಾರದ ನಕಲನ್ನು ಇನ್ನೊಂದಕ್ಕೆ ಕಳಿಸುವುದು) ಇದ್ದರೆ ಅದೇ ನೇರ ದಾರಿ. ವೈ-ಫೈ ಕಥೆ ಇನ್ನೂ ಬೇರೆ. ಗಾಳಿಯಲ್ಲಿ ಹೋಗುವ ಫ್ರೇಮಿನಲ್ಲಿ ಸಾಮಾನ್ಯವಾಗಿ ಮೂರು ವಿಳಾಸ, ಕೆಲವೊಮ್ಮೆ ನಾಲ್ಕು. ಡ್ರೈವರ್ ಅವನ್ನು ಅಡಗಿಸಿ ನಿಮ್ಮೆದುರು ಈಥರ್‌ನೆಟ್‌ನಂತೆ ಕಾಣುವ 14 ಬೈಟ್ ಇಡುತ್ತದೆ. ಅಸಲಿ ರೂಪ ಬೇಕಾದರೆ ಮಾನಿಟರ್ ಮೋಡ್ ಬೇಕು. ಅಲ್ಲಿ ಫ್ರೇಮಿನ ಮುಂದೆ ರೇಡಿಯೊಟ್ಯಾಪ್ ಹೆಡರ್ ಅಂಟಿರುತ್ತದೆ. ಅದರ ಉದ್ದ 2 ಮತ್ತು 3ನೇ ಆಫ್‌ಸೆಟ್‌ನಲ್ಲಿ, ಅದೂ ಚಿಕ್ಕ ಬೈಟ್ ಮೊದಲು ಎಂಬ ಕ್ರಮದಲ್ಲಿ. ಇಷ್ಟು ಹೊತ್ತು ಕಲಿತದ್ದು ಇಲ್ಲಿ ತಲೆಕೆಳಗು.

ಇನ್ನು ಕೆಲವು ಮುಳ್ಳು

ವಿಎಲ್ಯಾನ್ (ಒಂದೇ ತಂತಿಯ ಮೇಲೆ ಟ್ಯಾಗ್ ಹಚ್ಚಿ ಬೇರ್ಪಡಿಸಿದ ನೆಟ್‌ವರ್ಕ್‌ಗಳು) ಇರುವ ಜಾಗದಲ್ಲಿ 12ನೇ ಆಫ್‌ಸೆಟ್‌ನಲ್ಲಿ 81 00 ಬಂದು, ನಿಜವಾದ ಬಗೆ 16ಕ್ಕೆ ಸರಿಯುತ್ತದೆ ಎಂದು ಪುಸ್ತಕ ಹೇಳುತ್ತದೆ. ಲಿನಕ್ಸ್‌ನಲ್ಲಿ ಒಳಬರುವ ಫ್ರೇಮಿನಿಂದ ಆ ಟ್ಯಾಗನ್ನು ಮೊದಲೇ ಕಿತ್ತು ಪಕ್ಕದಲ್ಲಿಡುತ್ತಾರೆ, ಬೈಟ್‌ಗಳಲ್ಲಿ ಹುಡುಕಿದರೆ ಸಿಗದು. 'ಪ್ಯಾಕೆಟ್_ಆಕ್ಸ್‌ಡೇಟಾ' ಆಯ್ಕೆ ಹಾಕಿ ರಿಸೀವ್‌ಮೆಸೇಜ್ ಮೂಲಕ ಕೇಳಿ ಪಡೆಯಬೇಕು.

1514 ಬೈಟ್‌ಗಿಂತ ದೊಡ್ಡ ಫ್ರೇಮ್, ಉದಾಹರಣೆಗೆ 2962 ಬೈಟ್‌ನದು ಕಂಡರೆ ಅದು ತಂತಿಯ ಮೇಲೆ ಹಾಗೆ ಬಂದದ್ದಲ್ಲ. ಎರಡನ್ನು ಕರ್ನಲ್ ಹೊಲಿದು ಒಂದಾಗಿಸಿದೆ. ಅದಕ್ಕೇ ಬಫರ್ 65535 ಇಟ್ಟದ್ದು.

ಪ್ಯಾಕೆಟ್ ಹಿಡಿಯುವ ಲಿಬ್‌ಪಿಕ್ಯಾಪ್ ಲೈಬ್ರರಿ ಬಳಸಿ 'ಎನಿ' (ಎಲ್ಲ ಇಂಟರ್‌ಫೇಸ್‌ಗಳೂ ಒಟ್ಟಾಗಿ) ಎಂಬ ಇಂಟರ್‌ಫೇಸ್ ತೆರೆದರೆ ಈಥರ್‌ನೆಟ್ ಹೆಡರ್ ಬರುವುದೇ ಇಲ್ಲ. ಬದಲಿಗೆ ಲಿನಕ್ಸ್ ಬೇಯಿಸಿಕೊಟ್ಟ, ಹಳೆಯ ರೂಪದಲ್ಲಿ 16 ಬೈಟ್‌ನ ಹೆಡರ್. ಅದರಲ್ಲಿ ಕಳಿಸಿದವರ ವಿಳಾಸ ಮಾತ್ರ ಇರುತ್ತದೆ, ಗುರಿಯದು ಇಲ್ಲ. 0ಯಿಂದ 6 ಎಂದು ಕುರುಡಾಗಿ ಕತ್ತರಿಸಿದರೆ ವಿಳಾಸದಂತೆ ಕಾಣುವ ಕಸ ಸಿಗುತ್ತದೆ. ಪಿಕ್ಯಾಪ್_ಡೇಟಾಲಿಂಕ್ ಕರೆದು ಉತ್ತರ 1 ಬಂದರೆ ಮಾತ್ರ ಈಥರ್‌ನೆಟ್ ಎಂದು ಮುಂದುವರಿಯಿರಿ.

ಲಿನಕ್ಸ್ ಬಿಟ್ಟು ಹೊರಗೂ ಓಡಬೇಕಾದ ಪ್ರೋಗ್ರಾಂ ಆದರೆ ಮೊದಲಿನಿಂದಲೇ ಲಿಬ್‌ಪಿಕ್ಯಾಪ್ ಹಿಡಿಯಿರಿ. 'ಎಎಫ್_ಪ್ಯಾಕೆಟ್' ಲಿನಕ್ಸ್‌ನದೇ ಸ್ವತ್ತು. ಮ್ಯಾಕ್‌ಒಎಸ್‌ನಲ್ಲಿ ಬಿಪಿಎಫ್ (ಕರ್ನಲ್‌ನಲ್ಲೇ ಪ್ಯಾಕೆಟ್ ಸೋಸುವ ವ್ಯವಸ್ಥೆ) ಸಾಧನಗಳಿಂದ ಓದಬೇಕು, ವಿಂಡೋಸ್‌ನ ಕಚ್ಚಾ ಸಾಕೆಟ್ ಈಥರ್‌ನೆಟ್ ಹೆಡರ್ ಕೊಡುವುದೇ ಇಲ್ಲ, ಅಲ್ಲಿ ಎನ್‌ಪಿಕ್ಯಾಪ್ ಬೇಕು. ಲಿಬ್‌ಪಿಕ್ಯಾಪ್ ಈ ಎಲ್ಲವನ್ನೂ ಒಂದೇ ಮುಖದ ಹಿಂದೆ ಮುಚ್ಚಿಡುತ್ತದೆ. ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಆಜ್ಞೆ ಕೂಡ ಅದೇ ಲೈಬ್ರರಿಯ ಮೇಲೆ ನಿಂತದ್ದು. ಎರಡೂ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದವು.

ಬೇಡದ್ದನ್ನು ಪೈಥಾನ್‌ನಲ್ಲಿ ಸೋಸುವುದು ಕಡಿಮೆ ಸಂಚಾರದಲ್ಲಿ ನಡೆಯುತ್ತದೆ. ಹೆಚ್ಚಾದರೆ ಕರ್ನಲ್‌ನಲ್ಲೇ ಸೋಸಬೇಕು. ಸೋಸುವ ಬಿಪಿಎಫ್ ಸೂಚನೆಗಳನ್ನು ಕೈಯಾರೆ ಬರೆಯುವ ಕಷ್ಟ ಬೇಡ: ಟಿಸಿಪಿಡಂಪ್‌ಗೆ ನಿಮ್ಮ ಫಿಲ್ಟರ್ ಜೊತೆ '-ಡಿಡಿ' ಕೊಟ್ಟರೆ ಸಿ ಕೋಡಿಗೆ ನೇರ ಅಂಟಿಸಬಹುದಾದ ಅಂಕಿಗಳನ್ನು ಅದೇ ಬರೆದುಕೊಡುತ್ತದೆ.

ಕೊನೆಯದಾಗಿ ತಾಳೆ ನೋಡುವ ಕೆಲಸ. ಒಂದು ಕಿಟಕಿಯಲ್ಲಿ ನಿಮ್ಮ ಪ್ರೋಗ್ರಾಂ, ಇನ್ನೊಂದರಲ್ಲಿ ಟಿಸಿಪಿಡಂಪ್‌ಗೆ '-ಇ' ಮತ್ತು '-ಎನ್' ಕೊಟ್ಟು ಓಡಿಸಿ. '-ಇ' ಇಲ್ಲದಿದ್ದರೆ ಅದು ಮ್ಯಾಕ್ ವಿಳಾಸ ತೋರಿಸದು. ಮೂರನೇ ಕಿಟಕಿಯಿಂದ ರೌಟರ್‌ಗೆ ಒಂದೇ ಒಂದು ಪಿಂಗ್ ಕಳಿಸಿ. ಎರಡೂ ಕಡೆ ಹೋದದ್ದೊಂದು, ಬಂದದ್ದೊಂದು ಕಾಣಬೇಕು, ಎರಡನೆಯದರಲ್ಲಿ ವಿಳಾಸಗಳು ಜಾಗ ಬದಲಿಸಿರಬೇಕು. ಟಿಸಿಪಿಡಂಪ್‌ನಲ್ಲಿ ಮೂಲ ಎಡಕ್ಕೆ, ಗುರಿ ಬಲಕ್ಕೆ ಇರುತ್ತದೆ. ನಿಮ್ಮದರಲ್ಲಿ ಉಲ್ಟಾ ಬಂದರೆ 0:6 ಮತ್ತು 6:12 ಇರುವ ಆ ಎರಡು ಸಾಲುಗಳಿಗೆ ವಾಪಸ್ ಹೋಗಿ.